ಮಾಕಳಿವರೆಗೆ ಓಡಿದ ಕೆಂಪು ಕಾರು

ಪೀಣ್ಯ ಎರಡನೇ ಹಂತದ ನನ್ನ ಬೇರಿಂಗ್ ಅಂಗಡಿಗೆ ಚನ್ನವೀರಪ್ಪನವರು ಬಂದರೆಂದರೆ ಆ ಹೊತ್ತಿನ ವ್ಯಾಪಾರ ಅಲ್ಲಿಗೆ ನಿಂತಂತೆ. ಒಂದು ಬೇರಿಂಗ್ ಕೊಳ್ಳಲು ಅವರಿಗೆ ಒಂದು ಗಂಟೆ ಬೇಕು. ಡಬ್ಬಿ ತೆರೆಯಬೇಕು, ಎಣ್ಣೆಕಾಗದ ಬಿಡಿಸಬೇಕು, ಬೆರಳಿಗೆ ಸಿಕ್ಕಿಸಿ ತಿರುಗಿಸಬೇಕು, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಬೇಕು. ಹಿಂದೆ ನಿಂತ ಗಿರಾಕಿಗಳು ಗೊಣಗಿದರೆ, “ಹೆಣ್ಣು ನೋಡಿದಂಗ ನೋಡಬೇಕ್ರೀ ಇದನ್ನ” ಎನ್ನುತ್ತಿದ್ದರು. “ಹೆಣ್ಣು ನೋಡೋಕೆ ಬಂದವ್ರೂ ಇಷ್ಟು ಹೊತ್ತು ಕೂರಲ್ಲ ಯಜಮಾನ್ರೇ, ಉಪ್ಪಿಟ್ಟು ತಿಂದು ಎದ್ದು ಹೋಗ್ತಾರೆ” ಎಂದು ನಾನು ಮೂದಲಿಸುತ್ತಿದ್ದೆ. ಅವರು ನಗುತ್ತಿರಲಿಲ್ಲ. ಕೆಲಸದ ವಿಷಯದಲ್ಲಿ ನಗುವುದು ಅವರ ಜಾತಕದಲ್ಲೇ ಇರಲಿಲ್ಲ.

ನನ್ನ ಹೆಸರು ಶಾಂಭವಿ. ಮಾವನವರು ಹಾಕಿದ ಅಂಗಡಿ; ಗಂಡನಿಗೆ ಕೌಂಟರಿನಲ್ಲಿ ಕೂರುವ ತಾಳ್ಮೆ ಇಲ್ಲದ್ದರಿಂದ ಹದಿನೈದು ವರ್ಷದಿಂದ ನಾನೇ ಕೂತಿದ್ದೇನೆ. ಹೆಂಗಸಿಗೆ ಬೇರಿಂಗ್ ಏನು ಗೊತ್ತು ಎಂದು ಬಂದವರಿಗೆಲ್ಲ ಗೊತ್ತು ಮಾಡಿಸಿ ಕಳಿಸಿದ್ದೇನೆ. ನನಗೆ ಬಾಯಿ ಜಾಸ್ತಿ ಎಂದು ಬೀದಿಯವರೆಲ್ಲ ಹೇಳುತ್ತಾರೆ, ಸುಳ್ಳಲ್ಲ. ಆದರೆ ಬಾಯಿ ಬಿಡಬೇಕಾಗಿದ್ದ ಒಂದು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಚನ್ನವೀರಪ್ಪನವರು ಬ್ಯಾಡಗಿ ಕಡೆಯವರು. ಐಟಿಐ ಮುಗಿಸಿ ಎಪ್ಪತ್ತೊಂದರಲ್ಲಿ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆ ಸೇರಿದರು. ಲೇತು, ಮಿಲ್ಲಿಂಗ್ ಮಷೀನು ಮಾಡುವ ಕಾರ್ಖಾನೆ. ಮಷೀನಿನ ಎದೆಯಲ್ಲಿ ತಿರುಗುವ ದಪ್ಪ ಉಕ್ಕಿನ ದಿಂಡಿಗೆ ಸ್ಪಿಂಡಲ್ ಎನ್ನುತ್ತಾರೆ. ಅದನ್ನು ಬೇರಿಂಗ್‌ನಲ್ಲಿ ಕೂರಿಸುವುದು ಅವರ ಕೆಲಸ. ಕೂರಿಸಿದ ಮೇಲೆ ಹಿಡಿದು ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಆ ಅಲ್ಲಾಟಕ್ಕೆ ನಮ್ಮ ಕಸುಬಿನಲ್ಲಿ ‘ಪ್ಲೇ’ ಎನ್ನುತ್ತೇವೆ. ಮೂವತ್ತೊಂದು ವರ್ಷ ಅವರು ಕೂರಿಸಿದ ಒಂದೇ ಒಂದು ಸ್ಪಿಂಡಲ್ ತಪಾಸಣೆಯಿಂದ ವಾಪಸ್ ಬಂದಿರಲಿಲ್ಲವಂತೆ. ಕಾರ್ಖಾನೆಯಲ್ಲಿ ಅವರ ಹೆಸರೇ ‘ಝೀರೋ ಪ್ಲೇ ಚನ್ನವೀರಪ್ಪ’. ಎರಡು ಸಾವಿರದ ಎರಡರಲ್ಲಿ ಕಾರ್ಖಾನೆ ಅರ್ಧ ಮುಚ್ಚಿ ಎಲ್ಲರಿಗೂ ವಿಆರ್‌ಎಸ್ ಕೊಟ್ಟು ಕಳಿಸಿದಾಗ ಅವರ ಕೈಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಬಂತು. ಕೆಲಸ ಹೋಯಿತು, ಆ ಅಡ್ಡಹೆಸರು ಮಾತ್ರ ಉಳಿಯಿತು. ಆಮೇಲೆ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಹಳೇ ಮಷೀನು ರಿಪೇರಿ ಮಾಡಿಕೊಂಡು ಬಾಳು ಸಾಗಿಸಿದರು.

ಹೆಂಡತಿ ಬೇಗ ತೀರಿಕೊಂಡಿದ್ದರು, ಮಗಳು ದಾವಣಗೆರೆಯಲ್ಲಿ. ಹಾಗಾಗಿ ಅವರ ಊಟ ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ, ಕಾರ್ಖಾನೆಯ ಡ್ರೈವರ್ ಆಗಿದ್ದ ವೆಂಕಟಪ್ಪನವರ ಮನೆಯಲ್ಲಿ. ವೆಂಕಟಪ್ಪನವರ ಹೆಂಡತಿ ಲಕ್ಷ್ಮಮ್ಮ ಮುದ್ದೆ ಸಾರಿನವರು. ಈ ಅಣ್ಣಯ್ಯನಿಗೋಸ್ಕರ ಜೋಳದ ರೊಟ್ಟಿ ಬಡಿಯುವುದನ್ನು ಕಲಿತರು. ಇಪ್ಪತ್ತು ವರ್ಷ ಬಡಿದರೂ ಅದು ದುಂಡಗಾಗಲಿಲ್ಲ. ಚನ್ನವೀರಪ್ಪನವರು ಲೋಕದ ಎಲ್ಲ ವಸ್ತುವಿನಲ್ಲೂ ಕೊಂಕು ತೆಗೆಯುವವರು, ಆ ರೊಟ್ಟಿಯ ಬಗ್ಗೆ ಮಾತ್ರ ಒಂದು ದಿನವೂ ಮಾತಾಡಿದವರಲ್ಲ.

ಇನ್ನು ಕಾರಿನ ಸುದ್ದಿ. ವೆಂಕಟಪ್ಪನವರ ಮನೆಯ ಹಿಂದೆ, ಟಾರ್ಪಾಲಿನ ಕೆಳಗೆ ಒಂದು ಕೆಂಪು ಕಾರಿತ್ತು. ಎಂ.ಜಿ. ಎಂಬ ಇಂಗ್ಲೆಂಡಿನ ಗಾಡಿ; ಅರವತ್ತರ ದಶಕದ್ದು, ಮೇಲೆ ಮುಚ್ಚಿಗೆ ಇಲ್ಲ, ಎರಡೇ ಸೀಟು. ಕಾರ್ಖಾನೆಗೆ ಮಷೀನು ಕೂರಿಸಲು ಬಂದಿದ್ದ ದೊರೆಯೊಬ್ಬ ಬಿಟ್ಟು ಹೋಗಿದ್ದನ್ನು ಒಬ್ಬ ದೊಡ್ಡ ಆಫೀಸರು ಕೊಂಡು, ಹತ್ತು ವರ್ಷ ಓಡಿಸಿ, ನಿವೃತ್ತಿಯಾಗಿ ಹೋಗುವಾಗ ತಮ್ಮ ಡ್ರೈವರಿಗೆ, “ಇಟ್ಕೋ ವೆಂಕಟಪ್ಪ” ಎಂದು ಕಾಗದಪತ್ರ ಸಮೇತ ಕೊಟ್ಟಿದ್ದರು. ವೆಂಕಟಪ್ಪನವರು ಶನಿವಾರ ಶನಿವಾರ ಅದಕ್ಕೆ ಸ್ನಾನ ಮಾಡಿಸಿ, ಎಂಜಿನ್ ಎರಡು ನಿಮಿಷ ಗುರುಗುಟ್ಟಿಸಿ, ಮತ್ತೆ ಹೊದಿಸಿ ಮಲಗಿಸುತ್ತಿದ್ದರು. ರಸ್ತೆಗೆ ತೆಗೆದಿರಲಿಲ್ಲ. ಡ್ರೈವರಾದವನು ತನ್ನ ಕಾರು ತಾನೇ ಓಡಿಸಿದರೆ ಆಫೀಸರುಗಳು ಏನಂದುಕೊಳ್ಳುತ್ತಾರೋ ಎಂಬ ಸಂಕೋಚ. ಕಾರ್ಖಾನೆ ಹೋಯಿತು, ಆಫೀಸರುಗಳು ಹೋದರು, ಸಂಕೋಚ ಮಾತ್ರ ಹೋಗಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಅವರಿಗೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಎರಡು ದಿನ ಡಯಾಲಿಸಿಸ್. ಬುಧವಾರ ಮಾಡಿಸಿಕೊಂಡರೆ ಗುರುವಾರ ಎದ್ದೇಳಲಾಗದು. ಶನಿವಾರ ಮಾಡಿಸಿಕೊಂಡರೆ ಭಾನುವಾರ ಹೇಗೋ ಸ್ವಲ್ಪ ಜೀವ ಬರುತ್ತಿತ್ತು. ಅದರ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಎಂದು ನೋಟೀಸು. ಆಗ ಅವರು ಜೀವಮಾನದಲ್ಲಿ ಮೊದಲ ಸಲ ತಮಗಾಗಿ ಒಂದು ಆಸೆ ಹೇಳಿಕೊಂಡರು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಹೇಳಿದ್ದು.

“ನಮ್ ಮದ್ವೆ ದೇವರಾಯನದುರ್ಗದಾಗೆ ಆಗಿದ್ದು ತಾಯಿ. ಆಮ್ಯಾಕೆ ಇವಳ್ನ ಅಲ್ಲಿಗ್ ಕರ್ಕಂಡ್ ಓಗೇ ಇಲ್ಲ. ನಲವತ್ ವರ್ಸ ಕಂಡೋರ್ ಎಂಡ್ರು ಮಕ್ಕಳ್ನೆಲ್ಲ ಊರೆಲ್ಲ ಸುತ್ತಿಸ್ದೆ. ಇವಳು ಒಂದಿನ ನಾನ್ ಓಡ್ಸೋ ಕಾರ್ನಾಗೆ ಕೂತಿಲ್ಲ. ಪಕ್ಕದಾಗೆ ಕೂರಿಸ್ಕಂಡು ಒಂದ್ಸಲ ಓಗ್ಬರ್ಬೇಕು.”

ಆಸೆ ಇಷ್ಟೇ. ಹೋಗುವುದು ಮೂವತ್ತೈದು ಮೈಲಿ, ಬರುವುದು ಮೂವತ್ತೈದು. ಎಂಜಿನ್ ಸರಿಯಿತ್ತು, ಬ್ರೇಕು ಹಿಡಿಯುತ್ತಿತ್ತು. ಮುಂದಿನ ಎರಡು ಚಕ್ರಗಳು ಮಾತ್ರ ತಿರುಗಿಸಿದರೆ ಬೀಸುವ ಕಲ್ಲಿನಂತೆ ಗರಗರ ಅನ್ನುತ್ತಿದ್ದವು. ಬೇರಿಂಗ್ ತುಕ್ಕು ಹಿಡಿದಿತ್ತು. “ಅದೆಷ್ಟರ ಕೆಲಸ. ನಾ ಅದೀನಲ್ಲ” ಎಂದರು ಚನ್ನವೀರಪ್ಪನವರು. ಗೆಳೆಯನ ಭುಜ ತಟ್ಟಿದ ಕೈಯಲ್ಲಿ ಆಗ ಒಂದು ಹುರುಪಿತ್ತು. ಏಳು ವರ್ಷದಿಂದ ಅವರಿಗೆ ತಮ್ಮ ಯೋಗ್ಯತೆಗೆ ತಕ್ಕ ಕೆಲಸ ಯಾರೂ ಕೊಟ್ಟಿರಲಿಲ್ಲ.

ಹಳೇ ಬೇರಿಂಗ್‌ಗಳನ್ನು ಬನಿಯನ್ ಬಟ್ಟೆಯಲ್ಲಿ ಕಟ್ಟಿಕೊಂಡು ತಂದರು. ಒಂದೊಂದು ಚಕ್ರಕ್ಕೆ ಎರಡೆರಡು. ಒಳಗಡೆ ದೊಡ್ಡದು, ಹೊರಗಡೆ ಚಿಕ್ಕದು. ಓರೆಯಾದ ಉರುಳೆಗಳಿರುವ ಜಾತಿ. ಉರುಳೆಗಳಿರುವ ಒಳಬಳೆಗೆ ಕೋನ್ ಎನ್ನುತ್ತಾರೆ, ಅದು ಕೂರುವ ಹೊರಬಳೆಗೆ ಕಪ್. ನಂಬರು ಅಳಿಸಿ ಹೋಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಭೂತಗನ್ನಡಿ ಹಿಡಿದೆ. ಅಳತೆ ಮಾಡಿದರೆ ಮಿಲಿಮೀಟರಿನ ಲೆಕ್ಕಕ್ಕೆ ಬಾರದು, ಇಂಚಿನ ಲೆಕ್ಕ. ದೊಡ್ಡದು ನನ್ನ ಹತ್ತಿರವೇ ಇತ್ತು. ಚಿಕ್ಕದಕ್ಕೆ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಜಾಲಾಡಿ ಎರಡು ಬಗೆ ತರಿಸಿದೆ. ಒಂದು ಹೊಳೆಯುವ ಡಬ್ಬಿಯಲ್ಲಿ, ಫಾರಿನ್ ಹೆಸರಿನದ್ದು. ಇನ್ನೊಂದು ಯಾವುದೋ ಹಳೇ ದಾಸ್ತಾನಿನ ಮಾಲು. ಡಬ್ಬಿಯೇ ಇಲ್ಲ, ಗ್ರೀಸ್ ಗಟ್ಟಿಯಾಗಿದ್ದ ಕಾಗದದಲ್ಲಿ ಸುತ್ತಿದ್ದು.

ಚನ್ನವೀರಪ್ಪನವರು ಹೊಳೆಯುವ ಡಬ್ಬಿಯದನ್ನು ಬೆಳಕಿಗೆ ಹಿಡಿದು ಅರೆಗಳಿಗೆ ನೋಡಿ ಕೌಂಟರಿನ ಮೇಲೆ ಉರುಳಿಸಿದರು. “ಅಕ್ಷರ ನೋಡವ್ವಾ. ಅಚ್ಚು ಗುದ್ದ್ಯಾರ. ಅಸಲಿ ಕಂಪನಿಯವ ಹಿಂಗ ಗುದ್ದೂದಿಲ್ಲ, ಇದು ಡುಪ್ಲಿಕೇಟ್.” ಕಾಗದದಲ್ಲಿದ್ದದ್ದನ್ನು ಬೆರಳಿಗೆ ಹಾಕಿ ತಿರುಗಿಸಿದರು. ಕಿವಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದರು. “ಬಂಗಾರದಂಥಾ ಮಾಲು. ಇದನ್ನ ಕೊಡು.” ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಅವರು ಆರಿಸಿದ ಬೇರಿಂಗ್‌ನಲ್ಲಿ ಒಂದು ಕುಂದೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಬೀದಿಬೀದಿಯಲ್ಲಿ ಬೇರೆಯೇ ಮಾತಾಯಿತು.

ಹೊರಡುವಾಗ ನಾನು ಒಂದು ಮಾತು ಹೇಳಿದೆ. “ಯಜಮಾನ್ರೇ, ಗಾಡಿ ಚಕ್ರಕ್ಕೆ ಪೂರ್ತಿ ಬಿಗಿ ಮಾಡ್ಬೇಡಿ. ಲಾರಿಯವ್ರು ನಟ್ ಬಿಗಿ ಮಾಡಿ ಸ್ವಲ್ಪ ವಾಪಸ್ ಬಿಡ್ತಾರೆ. ಕೂದಲಷ್ಟು ಪ್ಲೇ ಬೇಕು ಅದಕ್ಕೆ.”

ಅವರ ಮುಖ ಕೆಂಪಾಯಿತು. “ಲಾರಿ ಕೆಲಸಾ ನನಗ ಹೇಳ್ತಿ? ಸ್ವಿಟ್ಜರ್ಲೆಂಡಿನವ ಬಂದು ನನ್ನ ಸ್ಪಿಂಡಲ್ ಮುಟ್ಟಿ ನೋಡಿ ಕೈ ಮುಗದಾನ. ಪ್ಲೇ ಬಿಡೂದಂದ್ರ ಕೆಲಸ ಬಾರದವ್ರು ಮಾಡೂದು.”

ನಾನು ಬೇರಿಂಗ್ ಕಟ್ಟಿಕೊಟ್ಟೆ. ಅಷ್ಟು ದೊಡ್ಡ ಕಸುಬುದಾರರಿಗೆ ಕೌಂಟರಿನಲ್ಲಿ ಕೂತವಳು ಪಾಠ ಹೇಳುವುದೇ ಎಂದು ನನಗೂ ನಾಚಿಕೆಯಾಯಿತು.

ಈ ಕಾರಿನ ಎರಡು ಬೇರಿಂಗ್‌ಗಳ ನಡುವೆ ಒಂದು ಉಕ್ಕಿನ ಕೊಳವೆ, ಅದರ ಜೊತೆ ಕಾಗದದಷ್ಟು ತೆಳ್ಳನೆಯ ಕೆಲವು ಬಳೆಗಳು ಇರುತ್ತವೆ. ಅದನ್ನು ಮಾಡಿದವರು ಚಕ್ರಕ್ಕೆ ಒಂದಿಷ್ಟು ಸಡಿಲ ಸಿಗಲೆಂದೇ ಅವನ್ನು ಇಟ್ಟಿದ್ದು. ಆ ಬಳೆಗಳನ್ನು ಕಂಡದ್ದೇ ಚನ್ನವೀರಪ್ಪನವರಿಗೆ ಖುಷಿಯಾಯಿತಂತೆ, ಸ್ಪಿಂಡಲ್‌ನಲ್ಲೂ ಅಂಥವೇ ಇರುತ್ತವಲ್ಲ. ಅಲ್ಲಿ ಮಾಡುವಂತೆಯೇ ಇಲ್ಲೂ ಅಳೆದು, ಒಂದೊಂದೇ ಬಳೆ ತೆಗೆದು, ಪ್ಲೇ ಸೊನ್ನೆಯಾಗುವವರೆಗೆ ಬಿಗಿ ಮಾಡಿದರು. ಗ್ರೀಸನ್ನೂ ಸ್ಪಿಂಡಲ್ಲಿಗೆ ಸವರುವಷ್ಟೇ ಸವರಿದರು. ಸ್ಪಿಂಡಲ್ಲಿನ ಪಕ್ಕದಲ್ಲಿ ಬ್ರೇಕು ಇರುವುದಿಲ್ಲ, ತುಮಕೂರು ರಸ್ತೆಯ ಹಂಪು ಹಳ್ಳ ಇರುವುದಿಲ್ಲ. ಕಾರಿನ ಚಕ್ರಕ್ಕೆ ಎರಡೂ ಇರುತ್ತವೆ. ಬಿಸಿಗೆ ಉಕ್ಕು ಹಿಗ್ಗಿದಾಗ ಸಡಿಲವಿಲ್ಲದ ಬೇರಿಂಗ್ ಕಚ್ಚಿಕೊಳ್ಳುತ್ತದೆ. ಲಾರಿ ಶೆಡ್ಡಿನ ಯಾವ ಮೆಕ್ಯಾನಿಕ್ಕೂ ಮಾಡದ ಈ ತಪ್ಪನ್ನು ಮಾಡಲು ಮೂವತ್ತೊಂದು ವರ್ಷದ ಒಳ್ಳೆಯ ಕೆಲಸದ ಅಭ್ಯಾಸ ಬೇಕಾಯಿತು.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಟರು. ನಾನೂ ನೋಡಲು ಹೋಗಿದ್ದೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು, ಕ್ವಾರ್ಟರ್ಸಿನಲ್ಲಿ ಉಳಿದಿದ್ದ ಏಳೆಂಟು ಮನೆಯವರೆಲ್ಲ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ವೆಂಕಟಪ್ಪನವರು ಹಳೇ ಬಿಳಿ ಯೂನಿಫಾರ್ಮನ್ನೇ ಇಸ್ತ್ರಿ ಮಾಡಿಸಿ ತೊಟ್ಟಿದ್ದರು. ಅದು ಅವರ ಮೈಮೇಲೆ ಜೋತಾಡುತ್ತಿತ್ತು. ಲಕ್ಷ್ಮಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು ಕಾರಿನ ಹಿಂಭಾಗಕ್ಕೆ ಹೋಗಿ ಬಾಗಿಲು ಹುಡುಕಿದರು. ಎಲ್ಲರೂ ನಕ್ಕರು. “ಇಂದ್ಗಡೆ ಸೀಟೇ ಇಲ್ಲ ಕಣೇ ಲಚ್ಚಿ. ಬಾ, ಮುಂದ್ಕೆ ಬಾ” ಎಂದು ವೆಂಕಟಪ್ಪನವರು ತಾವೇ ಇಳಿದು ಬಂದು, ಆಫೀಸರುಗಳಿಗೆ ತೆಗೆಯುತ್ತಿದ್ದಂತೆಯೇ ಬಾಗಿಲು ತೆಗೆದು ನಿಂತರು. ಆಕೆಗೆ ನಾಚಿಕೆಯೋ ನಾಚಿಕೆ. ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಬಂದದ್ದು.

ತುಮಕೂರು ರಸ್ತೆಯ ಮಾಕಳಿವರೆಗೆ ಹಿಂದೆಯೇ ಬಂದು ನೋಡಿ ವಾಪಸಾಗುತ್ತೇನೆ ಎಂದು ಚನ್ನವೀರಪ್ಪನವರು ತಮ್ಮ ಟಿವಿಎಸ್ ಹತ್ತಿದರು.

ಎಂಟೂವರೆ ಹೊತ್ತಿಗೆ ಅವರ ಫೋನು ಬಂತು. “ಶಾಂಭವ್ವಾ, ಮಾಕಳಿಯೊಳಗ ನೀ ಕೊಟ್ಟ ಬೇರಿಂಗ್ ಕೈ ಕೊಡ್ತು.” ಸ್ಕೂಟಿ ತೆಗೆದುಕೊಂಡು ಓಡಿದೆ. ಫ್ಲೈಓವರಿನ ಕಂಬಗಳ ಧೂಳಿನಲ್ಲಿ, ಲಾರಿಗಳ ನಡುವೆ ದಾರಿ ಮಾಡಿಕೊಂಡು ಮಾಕಳಿ ಮುಟ್ಟುವಷ್ಟರಲ್ಲಿ ಒಂಬತ್ತೂಕಾಲು. ಕಾರು ರಸ್ತೆ ಪಕ್ಕದ ಮಣ್ಣಿಗೆ ಓರೆಯಾಗಿ ನಿಂತಿತ್ತು. ಎಡಗಡೆ ಮುಂದಿನ ಚಕ್ರವನ್ನು ಚನ್ನವೀರಪ್ಪನವರು ಬಿಚ್ಚಿಟ್ಟಿದ್ದರು. ಸುಟ್ಟ ಗ್ರೀಸಿನ ವಾಸನೆ. ವೆಂಕಟಪ್ಪನವರು ಸೀಟಿನಿಂದ ಇಳಿದೇ ಇರಲಿಲ್ಲ. ಎರಡೂ ಕೈ ಸ್ಟೇರಿಂಗ್ ಮೇಲೆ, ನೋಟ ಎದುರಿನ ರಸ್ತೆಯ ಮೇಲೆ. ಪಕ್ಕದಲ್ಲಿ ಲಕ್ಷ್ಮಮ್ಮ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಾಗೆಯೇ ಕೂತಿದ್ದರು. ಹೋಗಿ ಬರುವ ಲಾರಿಗಳವರು ಬಗ್ಗಿ ಬಗ್ಗಿ ನೋಡುತ್ತಿದ್ದರು.

ಚನ್ನವೀರಪ್ಪನವರು ಬೇರಿಂಗನ್ನು ನನ್ನ ಕೈಗಿಟ್ಟು, ಗೆಳೆಯನಿಗೆ ಕೇಳುವಂತೆ ಜೋರಾಗಿ, “ಡುಪ್ಲಿಕೇಟ್ ಮಾಲು. ಮೋಸ ಹೋದ್ವಿ” ಎಂದರು.

ನಾನು ಅದನ್ನು ತಿರುಗಿಸಿ ನೋಡಿದೆ. ಉರುಳೆಗಳೆಲ್ಲ ಒಂದೇ ಸಮ ನೀಲಿ ಬಣ್ಣಕ್ಕೆ ತಿರುಗಿದ್ದವು. ಅವನ್ನು ಹಿಡಿದಿಡುವ ಪಂಜರ ಸುಟ್ಟು ಪುಡಿಯಾಗಿತ್ತು. ಕೆಟ್ಟ ಮಾಲು ಎಲ್ಲೋ ಒಂದು ಕಡೆ ಚಕ್ಕೆ ಏಳುತ್ತದೆ, ಒಂದು ಉರುಳೆ ಒಡೆಯುತ್ತದೆ. ಸುತ್ತಲೂ ಹೀಗೆ ಒಂದೇ ಸಮ ನೀಲಿಯಾಗುವುದು ಬಿಗಿಯಿಂದ. ನನಗೆ ಮೈ ಉರಿದು ಹೋಯಿತು. ‘ಯಜಮಾನ್ರೇ, ಬನ್ನಿ ಇಲ್ಲಿ, ಇದನ್ನ ಆರಿಸಿದ್ದು ಯಾರು, ಬಿಗಿ ಮಾಡಿದ್ದು ಯಾರು’ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ವೆಂಕಟಪ್ಪನವರು ಇಳಿಯಲು ಹೊರಟು, ಕಾಲು ನಿಲ್ಲದೆ, ಚನ್ನವೀರಪ್ಪನವರ ಕೊರಳಿಗೆ ಕೈಹಾಕಿ ಅವರ ಮೇಲೆಯೇ ಪೂರ್ತಿ ಭಾರ ಬಿಟ್ಟರು. ಚನ್ನವೀರಪ್ಪನವರು ಮಗುವನ್ನು ಎತ್ತಿದಂತೆ ಅವರನ್ನು ಎತ್ತಿಕೊಂಡು, ಆಗಲೇ ಕರೆಸಿ ನಿಲ್ಲಿಸಿದ್ದ ಆಟೋದಲ್ಲಿ ಕೂರಿಸಿದರು. ಇರುವ ಒಬ್ಬ ಗೆಳೆಯನನ್ನೂ ಸಾಯುತ್ತಿರುವ ಮನುಷ್ಯನಿಂದ ಕಿತ್ತುಕೊಳ್ಳುವುದೇ? ನಾನು ಬಾಯಿ ಮುಚ್ಚಿದೆ.

ಆಟೋದೊಳಗಿಂದ ವೆಂಕಟಪ್ಪನವರು ನನ್ನ ಕೈ ಹಿಡಿದುಕೊಂಡರು. “ಓಗ್ಲಿ ಬುಡು ತಾಯಿ. ತಪ್ಪ್ ತಿಳ್ಕಬ್ಯಾಡ.” ಇವರು ನನ್ನನ್ನು ಕ್ಷಮಿಸುತ್ತಿದ್ದಾರೆ ಎಂದುಕೊಂಡೆ. ಮಾಡದ ತಪ್ಪಿಗೆ ಕ್ಷಮೆ ಪಡೆಯುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ದಾರಿಯುದ್ದಕ್ಕೂ ಅಳುತ್ತಾ ಸ್ಕೂಟಿ ಓಡಿಸಿದೆ, ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣುವುದಿಲ್ಲವಲ್ಲ.

ವಾರದೊಳಗೆ ಸುದ್ದಿ ಹಬ್ಬಿತು. ಶಾಂಭವಿ ಅಂಗಡಿಯಲ್ಲಿ ಡುಪ್ಲಿಕೇಟ್ ಮಾರುತ್ತಾಳೆ. ಝೀರೋ ಪ್ಲೇ ಚನ್ನವೀರಪ್ಪನಿಗೇ ಟೋಪಿ ಹಾಕಿದಳು. ಹತ್ತು ವರ್ಷದ ಗಿರಾಕಿಗಳು ಬೀದಿಯ ಆಚೆಬದಿಯಲ್ಲಿ ನಡೆಯತೊಡಗಿದರು. ನನ್ನ ಗಂಡ ಕೂಡ, “ನಿಜ ಹೇಳು, ಕೊಟ್ಬಿಟ್ಟಿದ್ಯಾ?” ಎಂದು ಕೇಳಿದ. ಅವತ್ತು ಅವನಿಗೆ ಮನೆಯಲ್ಲಿ ಊಟ ಸಿಗಲಿಲ್ಲ.

ಚನ್ನವೀರಪ್ಪನವರು ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಬೇರಿಂಗ್ ಕಚ್ಚಿಕೊಂಡ ರಭಸಕ್ಕೆ ಚಕ್ರ ಕೂರುವ ದಂಡವೂ ಗೀರು ಬಿದ್ದಿತ್ತಂತೆ. ಯಾವುದೋ ಶೆಡ್ಡಿನಲ್ಲಿ ಅದನ್ನು ತುಂಬಿಸಿ, ಉಜ್ಜಿ, ಸರಿ ಮಾಡಲು ಹಗಲಿಡೀ ಒದ್ದಾಡುತ್ತಿದ್ದಾರೆ ಎಂದು ಕೇಳಿದೆ. ಮುಂದಿನ ಭಾನುವಾರ ಆಗಲಿಲ್ಲ. ಅದರ ಮುಂದಿನ ಭಾನುವಾರ ವೆಂಕಟಪ್ಪನವರಿಗೆ ಜ್ವರ. ಮೂರನೇ ಭಾನುವಾರ ಕಾರು ಸಿದ್ಧವಿತ್ತು, ಅವರು ಆಸ್ಪತ್ರೆಯಲ್ಲಿದ್ದರು. ನಾಲ್ಕನೇ ಗುರುವಾರ ಬೆಳಗಿನ ಜಾವ ತೀರಿಕೊಂಡರು. ದೇವರಾಯನದುರ್ಗ ಇದ್ದಲ್ಲೇ ಇತ್ತು. ಅಷ್ಟು ಹತ್ತಿರದ ಜಾಗಕ್ಕೆ ಹೋಗಲಾಗದೆ ಒಬ್ಬ ಡ್ರೈವರು ಸತ್ತ ಎಂಬುದನ್ನು ನೆನೆದರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಒಂದು ಮಧ್ಯಾಹ್ನ ಚನ್ನವೀರಪ್ಪನವರು ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ.

“ನಿನ್ನ ಬೇರಿಂಗ್‌ನಾಗ ಏನೂ ದೋಷ ಇರಲಿಲ್ಲವ್ವಾ” ಎಂದರು.

“ನನಗೆ ಅವತ್ತೇ ಗೊತ್ತಿತ್ತು” ಎಂದೆ.

“ಗೊತ್ತಿದ್ದೂ ಸುಮ್ಮನಿದ್ದೀ?”

“ಇನ್ನೇನ್ ಮಾಡ್ಲಿ? ಅವ್ರು ನಿಮ್ಮ ಕೊರಳಿಗೆ ಜೋತು ಬಿದ್ದಿದ್ರಲ್ಲ.”

ಅವರು ಕೌಂಟರಿನ ಅಂಚು ಹಿಡಿದುಕೊಂಡರು. ಆಮೇಲೆ ಹೇಳಿದ್ದನ್ನು ಕೇಳಿ, ಅವತ್ತು ಮಾಕಳಿಯಲ್ಲಿ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಬಂತು, ಬಂದಷ್ಟೇ ಬೇಗ ಇಳಿದೂ ಹೋಯಿತು. ಮಾಕಳಿಗಿಂತ ಮೊದಲು ಸಿಗುವ ಎಂಟನೇ ಮೈಲಿಯ ಸಿಗ್ನಲ್ ದಾಟಿದ ಮೇಲೆ ವೆಂಕಟಪ್ಪನವರು ಕಾರು ಪಕ್ಕಕ್ಕೆ ಹಾಕಿ, ‘ಈರಪ್ಪ, ಗಾಡಿ ಭಾರ ಐತೆ ಕಣೋ, ಎಡಕ್ಕೆ ಎಳೀತೈತೆ’ ಎಂದರಂತೆ. ಚನ್ನವೀರಪ್ಪನವರನ್ನು ಅವರು ಕರೆಯುತ್ತಿದ್ದದ್ದೇ ಈರಪ್ಪ ಎಂದು. ಇವರು ಚಕ್ರದ ನಡುವಿನ ಬಟ್ಟಲನ್ನು ಮುಟ್ಟಿದರು. ಬೆರಳು ಸುಟ್ಟಿತು. ಟಿವಿಎಸ್ ಡಬ್ಬಿಯಲ್ಲಿ ಸ್ಪ್ಯಾನರ್ ಇತ್ತು. ತೆಗೆದ ಬಳೆಗಳೂ ಪೊಟ್ಟಣ ಕಟ್ಟಿ ಅಲ್ಲೇ ಇದ್ದವು. ಅರ್ಧ ಗಂಟೆಯ ಕೆಲಸ. ‘ಹೊಸಾ ಬೇರಿಂಗ್, ಸೆಟ್ಟಾಗಾಕ ಸ್ವಲ್ಪ ಬಿಸಿ ಆಕ್ಕೈತಿ, ಹೊಡಿ’ ಎಂದರಂತೆ. ‘ವಸಿ ಲೂಸ್ ಮಾಡಿ ನೋಡನಾ’ ಎಂದು ವೆಂಕಟಪ್ಪನವರು ಎರಡನೇ ಸಲ ಕೇಳಿದರು. ‘ನಾ ಕೂಡಿಸಿದ್ದನ್ನ ಲೂಸ್ ಮಾಡೂದಾ?’ ಎಂದು ಇವರು ಗದರಿದರು. ವೆಂಕಟಪ್ಪನವರು ಗೇರು ಹಾಕಿದರು.

“ಬೆರಳು ಸುಟ್ಟಿತ್ತವ್ವಾ. ಸುಟ್ಟ ಬೆರಳು ಕಿಸೇದಾಗ ಇಟ್ಕೊಂಡು ಸುಳ್ಳು ಹೇಳಿದೆ.”

“ಇದನ್ನ ನನ್ಹತ್ರ ಯಾಕ್ ಹೇಳ್ತೀರಾ? ಹೋಗಿ ಲಕ್ಷ್ಮಮ್ಮನವರ ಹತ್ರ ಹೇಳಿ” ಎಂದೆ.

“ಧೈರ್ಯ ಇಲ್ಲ. ಆಕಿ ಇನ್ನೂ ರೊಟ್ಟಿ ಮಾಡಿ ಕಳಸ್ತಾಳ” ಎಂದು ದೊಡ್ಡ ದನಿ ತೆಗೆದು ಅತ್ತುಬಿಟ್ಟರು. ಅಷ್ಟು ವಯಸ್ಸಾದ ಗಂಡಸು ಹಾಡುಹಗಲಲ್ಲಿ, ಬೀದಿಗೆ ಕಾಣುವಂತೆ ಅಳುವುದನ್ನು ನಾನು ನೋಡಿರಲಿಲ್ಲ. ಶಟರ್ ಅರ್ಧ ಇಳಿಸಿದೆ. ಬಯ್ಯಬೇಕೆಂದು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

ಡಿಸೆಂಬರಿನ ಕೊನೆಗೆ ಲಕ್ಷ್ಮಮ್ಮ ಕ್ವಾರ್ಟರ್ಸ್ ಬಿಟ್ಟು ನೆಲಮಂಗಲದ ತಮ್ಮನ ಮನೆಗೆ ಹೊರಟರು. ಕಾರನ್ನು ವೈಟ್‌ಫೀಲ್ಡಿನಲ್ಲಿ ಹಳೇ ಗಾಡಿ ಕೂಡಿಡುವವರೊಬ್ಬರು ಒಯ್ಯುವುದೆಂದಾಯಿತು. ಅವರ ಲಾರಿ ಒಳಗೆ ಬರುವಂತಿರಲಿಲ್ಲ. ಪೈಪು ಹಾಕಲು ಬೀದಿ ಅಗೆದಿದ್ದರು. ಗೇಟಿನವರೆಗೆ ಕಾರನ್ನು ನಾವೇ ಮುಟ್ಟಿಸಬೇಕು. ಆಗ ತಿಳಿಯಿತು, ಚನ್ನವೀರಪ್ಪನವರಿಗೆ ಕಾರು ಓಡಿಸಲು ಬರುವುದಿಲ್ಲ. ನನಗೂ ಸ್ಕೂಟಿಯೊಂದೇ. ಲಕ್ಷ್ಮಮ್ಮ ತಾವೇ ಬಾಗಿಲು ತೆಗೆದು, ಗಂಡನ ಸೀಟಿನಲ್ಲಿ ಕೂತು, “ನಾನ್ ಸ್ಟೇರಿಂಗ್ ಇಡ್ಕತೀನಿ, ನೀವ್ ತಳ್ಳಿ” ಎಂದರು.

ನಾವಿಬ್ಬರು ಹಿಂದೆ ನಿಂತು ಕೈ ಕೊಟ್ಟೆವು. ದಮ್ಮು ಕಟ್ಟಿ ತಳ್ಳಬೇಕಾಗುತ್ತದೆ ಎಂದುಕೊಂಡಿದ್ದೆ. ಕಾರು ಹೂವಿನಂತೆ ಹೊರಟಿತು. ಈ ಸಲ ಎಲ್ಲ ಬಳೆಗಳನ್ನೂ ವಾಪಸ್ ಇಟ್ಟು, ತಕ್ಕಷ್ಟು ಸಡಿಲ ಬಿಟ್ಟು, ಗ್ರೀಸ್ ತುಂಬಿ ಕೂರಿಸಿದ್ದರು. ಚಕ್ರಗಳಿಂದ ಒಂದಿಷ್ಟೂ ಸದ್ದಿಲ್ಲ. ಸಣ್ಣ ಇಳಿಜಾರಿನಲ್ಲಿ ತಳ್ಳುವುದಿರಲಿ, ಅದು ಓಡಿಹೋಗದಂತೆ ಹಿಡಿದುಕೊಳ್ಳಬೇಕಾಯಿತು.

ಲಕ್ಷ್ಮಮ್ಮ ಹಿಂತಿರುಗಿ ನೋಡಿದರು. “ಇಷ್ಟ್ ಅಗುರ ಐತಲ್ಲ ಅಣ್ಣಯ್ಯ. ಅವತ್ತೂ ಇಂಗೇ ಓಗಿದ್ರೆ...”

ಚನ್ನವೀರಪ್ಪನವರು ನಿಂತುಬಿಟ್ಟರು. ಕಾರು ಎರಡು ಮಾರು ಮುಂದೆ ಹೋಗಿ, ಸಮನೆಲ ಸಿಕ್ಕಿ ನಿಂತಿತು. ಅವರು ನಡೆದು ಹೋಗಿ ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತರು. “ಅವತ್ತ ನಾನ ಬಿಗಿ ಮಾಡಿದ್ದೆ ತಂಗೀ. ಮಾಲು ಚಲೋನ ಇತ್ತು. ಶಾಂಭವ್ವನ ತಪ್ಪು ಏನೂ ಇಲ್ಲ. ಎಂಟನೇ ಮೈಲಿಯೊಳಗ ನನಗ ತಿಳೀತು. ತಿಳಿದೂ ಬಿಚ್ಚಲಿಲ್ಲ.”

ಲಕ್ಷ್ಮಮ್ಮ ಸ್ಟೇರಿಂಗ್‌ನಿಂದ ಕೈ ತೆಗೆದರು. “ಗೊತ್ತು ಅಣ್ಣಯ್ಯ” ಎಂದರು. “ಅವ್ರೇ ಏಳಿದ್ರು. ಎಂಟ್ನೇ ಮೈಲಿಯಿಂದ ಮುಂದಕ್ ಓಗೋವಾಗ್ಲೇ ಏಳಿದ್ರು. ‘ಇದು ಬೆಟ್ಟ ಮುಟ್ಟಾಕಿಲ್ಲ ಲಚ್ಚಿ, ಈರಪ್ಪ ಬಿಗಿ ಮಾಡವ್ನೆ. ಎರಡ್ ಸಲ ಏಳ್ದೆ. ಮೂರ್ನೇ ಸಲ ಏಳಿದ್ರೆ ಅವ್ನ ವಿದ್ಯೆಗೆ ಅವಮಾನ ಮಾಡ್ದಂಗೆ. ಓಗೋ ಗಂಟ ಓಗಾನ, ಪಕ್ಕದಾಗ್ ಕೂತಿದ್ದೀಯಲ್ಲ, ಸಾಕು’ ಅಂದ್ರು. ಆಮ್ಯಾಲೆ ನಿನ್ ಮುಂದೆ ಎತ್ಬ್ಯಾಡ ಅಂತ ಆಣೆ ಇಕ್ಸ್ಕಂಡ್ರು.”

ಅವತ್ತು ಆಟೋದಲ್ಲಿ ನನ್ನ ಕೈ ಹಿಡಿದು ವೆಂಕಟಪ್ಪನವರು ಕ್ಷಮೆ ಕೊಟ್ಟದ್ದಲ್ಲ, ಕೇಳಿದ್ದು ಎಂದು ನನಗೆ ಆಗ ಹೊಳೆಯಿತು. ಎಲ್ಲರಿಗೂ ಎಲ್ಲ ಗೊತ್ತಿತ್ತು, ಕೆಟ್ಟ ಹೆಸರು ಮಾತ್ರ ನನ್ನ ಬೋರ್ಡಿನ ಮೇಲೆ ಕೂತಿತ್ತು. ಬೇರೆ ದಿನವಾಗಿದ್ದರೆ ಇಬ್ಬರಿಗೂ ನಾಲ್ಕು ಮಾತು ಅಂದೇ ಬಿಡುತ್ತಿದ್ದೆ. ಚನ್ನವೀರಪ್ಪನವರ ಮುಖ ನೋಡಿ ಆಗಲಿಲ್ಲ. ಅವರು ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಮೂರನೇ ಸಲ ಹೇಳಬೇಕಿತ್ತು ಅಂವಾ. ಯಾಕ ಹೇಳಲಿಲ್ಲ? ಹೇಳಬೇಕಿತ್ತು.”

“ಏಳಿದ್ರೆ ನೀನ್ ಕೇಳ್ತಿದ್ಯಾ ಅಣ್ಣಯ್ಯ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವರಿಗೆ ಎಷ್ಟೋ ಸುಲಭವಾಗುತ್ತಿತ್ತು. ಗೇಟಿನ ಕಡೆಯಿಂದ ಲಾರಿಯವನು ಬೇಗ ಬನ್ನಿ ಎಂದು ಕೂಗಿದ. ಚನ್ನವೀರಪ್ಪನವರು ತಲೆ ಎತ್ತಲಿಲ್ಲ. ಏನೋ ಅಳತೆ ತೆಗೆಯುತ್ತಿರುವವರಂತೆ ಬಹಳ ಹೊತ್ತು ಆ ಚಕ್ರವನ್ನೇ ನೋಡಿದರು.

“ಇಲ್ಲವ್ವಾ” ಎಂದರು ಕೊನೆಗೆ. “ಕೇಳ್ತಿರಲಿಲ್ಲ.”

ಲಕ್ಷ್ಮಮ್ಮ ಮುಂದಕ್ಕೆ ತಿರುಗಿ ಸ್ಟೇರಿಂಗ್ ಹಿಡಿದುಕೊಂಡರು. ಚನ್ನವೀರಪ್ಪನವರು ಹಿಂದೆ ಬಂದು ನನ್ನ ಪಕ್ಕದಲ್ಲಿ ನಿಂತು, ಕಾರಿಗೆ ಕೈ ಕೊಟ್ಟರು.